ಆಮ್ಲಜನಕ ಸೇರಿದರೆ ಹಿಮೋಗ್ಲೋಬಿನ್‌ನ ಅರ್ಧ ಸಂಪರ್ಕಗಳು ಕಡಿದುಹೋಗುತ್ತವೆಯೇ?

ಪ್ರಶ್ನೆ: ಬಯೋಟೆಕ್ನಾಲಜಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಆಮ್ಲಜನಕ ಹಿಡಿದ ಮತ್ತು ಬಿಟ್ಟ ಹಿಮೋಗ್ಲೋಬಿನ್‌ಗಳಲ್ಲಿ ಅಮೈನೋ ಆಮ್ಲಗಳ ನಡುವಿನ ಸಂಪರ್ಕಗಳನ್ನು ಹೋಲಿಸುವುದು ನನ್ನ ಪ್ರಾಜೆಕ್ಟ್. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪಿಡಿಬಿಯಿಂದ 2ಎಚ್‌ಎಚ್‌ಬಿ (ಆಮ್ಲಜನಕ ಇಲ್ಲದ್ದು), 1ಎಚ್‌ಎಚ್‌ಒ (ಇರುವುದು) ಫೈಲ್‌ಗಳನ್ನು ಇಳಿಸಿಕೊಂಡು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಸಿ-ಆಲ್ಫಾ ಪರಮಾಣುಗಳ (ಪ್ರತಿ ಅಮೈನೋ ಆಮ್ಲದ ಬೆನ್ನೆಲುಬಿನ ನಡುವಿನ ಕಾರ್ಬನ್) ನಡುವೆ 7 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಮಿತಿ ಇಟ್ಟರೆ ಒಂದು ಲೆಕ್ಕ ಬರುತ್ತದೆ, ಗೈಡ್ ಹೇಳಿದ ಹಾಗೆ ಎಲ್ಲ ಪರಮಾಣುಗಳನ್ನೂ ಸೇರಿಸಿ 4.5 ಇಟ್ಟರೆ ಇನ್ನೊಂದು, ಸೀನಿಯರ್ ಹೇಳಿದ ಸಿ-ಬೀಟಾ (ಬೆನ್ನೆಲುಬಿನಿಂದ ಚಾಚಿದ ತೋಳಿನ ಮೊದಲ ಕಾರ್ಬನ್) 8 ಇಟ್ಟರೆ ಮತ್ತೊಂದು. ಯಾವ ಮಿತಿ ಇಟ್ಟರೂ ಆಮ್ಲಜನಕ ಇರುವ ರೂಪದಲ್ಲಿ ಒಟ್ಟು ಸಂಪರ್ಕಗಳು ಅರ್ಧಕ್ಕೆ ಇಳಿಯುತ್ತವೆ, ಸರಪಳಿ-ಸರಪಳಿಗಳ ನಡುವಿನವು ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತವೆ. ಆಮ್ಲಜನಕ ಇಷ್ಟೊಂದು ಬಂಧ ಮುರಿಯುತ್ತದೆಯೇ? ಇನ್ನೊಂದು ವಿಷಯ: ಸಿಕಲ್ ಸೆಲ್ ರೋಗದ ಬೀಟಾ 6ನೇ ಸ್ಥಾನವನ್ನು ವ್ಯಾಲೀನ್ ಮಾಡಿ, ಪ್ರೋಟೀನ್ ರಚನೆ ಊಹಿಸುವ ಪ್ರೋಗ್ರಾಂ ಆದ ಆಲ್ಫಾಫೋಲ್ಡ್‌ಗೆ ಕೊಟ್ಟೆ. ಸಂಪರ್ಕ ನಕ್ಷೆಯಲ್ಲಿ ಏನೇನೂ ವ್ಯತ್ಯಾಸ ಬರಲಿಲ್ಲ. ಎಲ್ಲೋ ದೊಡ್ಡ ತಪ್ಪು ಮಾಡಿದ್ದೇನೆ ಅನಿಸುತ್ತಿದೆ. ಮುಂದಿನ ತಿಂಗಳು ವೈವಾ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಗಾಬರಿಗಳಿವೆ. ಮಿತಿ ಎಷ್ಟಿಡಬೇಕು, ಸಂಪರ್ಕಗಳು ಎಲ್ಲಿ ಹೋದವು, ಸಿಕಲ್ ಸೆಲ್ ಬದಲಾವಣೆ ಏಕೆ ಕಾಣಲಿಲ್ಲ. ನಡುವಿನದರಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಇವತ್ತು ಸಂಜೆಯೊಳಗೆ ಬಗೆಹರಿಯುತ್ತದೆ.

ಎರಡೂ ಫೈಲ್ ತೆರೆದು ಒಂದೊಂದರಲ್ಲಿ ಎಷ್ಟು ಸರಪಳಿಗಳಿವೆ ಎಂದು ಎಣಿಸಿ. 2ಎಚ್‌ಎಚ್‌ಬಿಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಸಿಗುತ್ತವೆ. 141 ರೆಸಿಡ್ಯೂಗಳ (ಸರಪಳಿಯಲ್ಲಿ ಕೂತ ಅಮೈನೋ ಆಮ್ಲಗಳ) ಆಲ್ಫಾ ಎರಡು, 146ರ ಬೀಟಾ ಎರಡು, ಒಟ್ಟು 574. 1ಎಚ್‌ಎಚ್‌ಒದಲ್ಲಿ ಎ ಮತ್ತು ಬಿ ಮಾತ್ರ, 287ಕ್ಕೆ ಫೈಲ್ ಮುಗಿಯುತ್ತದೆ. ನೀವು ಒಂದು ಇಡೀ ಹಿಮೋಗ್ಲೋಬಿನ್ನನ್ನು ಅರ್ಧ ಹಿಮೋಗ್ಲೋಬಿನ್ ಜೊತೆ ಹೋಲಿಸಿದ್ದೀರಿ. ಅರ್ಧಕ್ಕೆ ಅರ್ಧ ಸಂಪರ್ಕ ಬಂದಿದೆ, ಸ್ಕ್ರಿಪ್ಟ್ ಪಾಪ ಸರಿಯಾಗಿಯೇ ಎಣಿಸಿದೆ.

ಇದು ಯಾರ ತಪ್ಪೂ ಅಲ್ಲ. ಎಕ್ಸ್-ರೇ ಸ್ಫಟಿಕದಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಫೈಲಿನಲ್ಲಿ ಬರೆದಿಡುವುದು ಅಂಥ ಅತಿ ಚಿಕ್ಕ ತುಣುಕನ್ನು ಮಾತ್ರ, ಅದರ ಹೆಸರು ಅಸಿಮೆಟ್ರಿಕ್ ಯೂನಿಟ್. ರಂಗೋಲಿಯ ಒಂದು ಪಾಲು ಬರೆದುಕೊಟ್ಟು, ಉಳಿದದ್ದನ್ನು ಹೀಗೇ ತಿರುಗಿಸಿಕೊಳ್ಳಿ ಎಂದ ಹಾಗೆ. 1ಎಚ್‌ಎಚ್‌ಒ ಸ್ಫಟಿಕದಲ್ಲಿ ಅಣುವಿನ ಅರ್ಧವನ್ನು 180 ಡಿಗ್ರಿ ತಿರುಗಿಸಿದರೆ ಉಳಿದರ್ಧ ಸಿಗುತ್ತದೆ, ಆದ್ದರಿಂದ ಅರ್ಧ ಬರೆದರೆ ಸಾಕಾಗಿದೆ. ರಕ್ತದಲ್ಲಿ ಓಡಾಡುವ ಪೂರ್ತಿ ಅಣು ಬೇಕಾದರೆ ಅದೇ ಪುಟದಲ್ಲಿ 'ಬಯಾಲಾಜಿಕಲ್ ಅಸೆಂಬ್ಲಿ' ಎಂಬ ಬೇರೆ ಫೈಲ್ ಇರುತ್ತದೆ, ಅದನ್ನು ಇಳಿಸಿಕೊಳ್ಳಬೇಕು.

ಅಲ್ಲೂ ಒಂದು ಹೊಂಡವಿದೆ. ಹಳೆಯ ಪಿಡಿಬಿ ರೂಪದ ಅಸೆಂಬ್ಲಿ ಫೈಲಿನಲ್ಲಿ ಎರಡನೇ ಅರ್ಧವನ್ನು ಮಾಡೆಲ್ 2 ಎಂದು ಬರೆದು, ಸರಪಳಿಗಳಿಗೆ ಮತ್ತೆ ಎ, ಬಿ ಎಂದೇ ಹೆಸರಿಟ್ಟಿರುತ್ತಾರೆ. ಬಯೋಪೈಥಾನ್‌ನಲ್ಲಿ ಅಭ್ಯಾಸಬಲದಿಂದ ಮೊದಲನೇ ಮಾಡೆಲ್ ಮಾತ್ರ ತೆಗೆದುಕೊಂಡರೆ ಕೈಗೆ ಸಿಗುವುದು ಮತ್ತೆ ಅರ್ಧವೇ. ಎಂಎಂಸಿಫ್ ರೂಪದ ಅಸೆಂಬ್ಲಿ ಫೈಲ್ ಇಳಿಸಿಕೊಳ್ಳಿ, ಅದರಲ್ಲಿ ಪ್ರತಿಗಳಿಗೆ ಬೇರೆ ಬೇರೆ ಹೆಸರಿರುತ್ತವೆ. ಒಟ್ಟು 574 ರೆಸಿಡ್ಯೂ ಬಂತೇ ಎಂದು ನೋಡಿಕೊಂಡೇ ಮುಂದಕ್ಕೆ ಹೋಗಿ.

ಹಾಗಾದರೆ ಆಮ್ಲಜನಕ ಸೇರಿದಾಗ ನಿಜಕ್ಕೂ ಏನಾಗುತ್ತದೆ? ನಿಮ್ಮ ಪ್ರಾಜೆಕ್ಟಿನ ತಿರುಳು ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಹಿಮೋಗ್ಲೋಬಿನ್ ಎಂದರೆ ಎರಡು ಜೋಡಿಗಳು. ಒಂದೊಂದು ಜೋಡಿಯೊಳಗಿನ ಆಲ್ಫಾ-ಬೀಟಾ ಹಿಡಿತ ಗಟ್ಟಿ, ಆಮ್ಲಜನಕ ಬಂದರೂ ಹೋದರೂ ಅದು ಹೆಚ್ಚು ಕದಲುವುದಿಲ್ಲ. ಕದಲುವುದು ಜೋಡಿ-ಜೋಡಿಗಳ ನಡುವಿನ ಗಡಿ, ಅಂದರೆ ಆಲ್ಫಾ1-ಬೀಟಾ2 ಮುಖ. ಒಂದು ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ. ಬೀಟಾ ಸರಪಳಿಯ 97ನೇ ಹಿಸ್ಟಿಡೀನ್‌ನ ಮೇಲೆ ಕಣ್ಣಿಡಿ. ಆಮ್ಲಜನಕ ಇಲ್ಲದಾಗ ಅದು ಎದುರಿನ ಆಲ್ಫಾದ 41ನೇ ಥ್ರಿಯೊನೀನ್ ಮತ್ತು 44ನೇ ಪ್ರೋಲೀನ್ ನಡುವೆ ಕೂತಿರುತ್ತದೆ. ಆಮ್ಲಜನಕ ಬಂದ ಮೇಲೆ ಒಂದು ಮೆಟ್ಟಿಲು ಸರಿದು 38 ಮತ್ತು 41ನೇ ಥ್ರಿಯೊನೀನ್‌ಗಳ ನಡುವೆ ಕೂರುತ್ತದೆ. ಅದೇ ಗಡಿಯಲ್ಲಿ ಬೀಟಾ 99ರ ಆಸ್ಪಾರ್ಟಿಕ್ ಆಮ್ಲ ಮತ್ತು ಆಲ್ಫಾ 42ರ ಟೈರೋಸೀನ್ ನಡುವಿನ ಹೈಡ್ರೋಜನ್ ಬಂಧ ಕಳಚುತ್ತದೆ, ಬೀಟಾ 102ರ ಆಸ್ಪರಾಜೀನ್ ಮತ್ತು ಆಲ್ಫಾ 94ರ ಆಸ್ಪಾರ್ಟಿಕ್ ಆಮ್ಲದ ನಡುವೆ ಹೊಸದೊಂದು ಬೀಳುತ್ತದೆ. ಸರಪಳಿಗಳ ತುದಿಯ ಉಪ್ಪು ಸೇತುವೆಗಳೂ (ವಿರುದ್ಧ ಆವೇಶಗಳ ನಡುವಿನ ಹಿಡಿತಗಳು) ಬಿಚ್ಚಿಕೊಳ್ಳುತ್ತವೆ. ಬೀಟಾ 146ರ ಹಿಸ್ಟಿಡೀನ್ ತನ್ನದೇ ಸರಪಳಿಯ 94ನೇ ಆಸ್ಪಾರ್ಟಿಕ್ ಆಮ್ಲವನ್ನೂ ಎದುರಿನ ಆಲ್ಫಾದ 40ನೇ ಲೈಸೀನನ್ನೂ ಹಿಡಿದುಕೊಂಡಿದ್ದದ್ದು ಎರಡನ್ನೂ ಬಿಡುತ್ತದೆ. ಮ್ಯಾಕ್ಸ್ ಪೆರುಟ್ಸ್ 1970ರಲ್ಲೇ ಈ ಸೇತುವೆಗಳನ್ನು ಹಿಡಿದು ಹಿಮೋಗ್ಲೋಬಿನ್‌ನ ಕೆಲಸವನ್ನು ವಿವರಿಸಿದ್ದರು.

ಅಂದರೆ ನಿಮಗೆ ಸಿಗಬೇಕಾದದ್ದು ಸಣ್ಣ ಪಟ್ಟಿ. ಸಾವಿರಾರು ಸಂಪರ್ಕಗಳಲ್ಲಿ ಕೆಲವು ಡಜನ್ ಅದಲುಬದಲು, ಅದೂ ಹೆಚ್ಚಾಗಿ ಒಂದೇ ಗಡಿಯಲ್ಲಿ. ಒಟ್ಟು ಸಂಖ್ಯೆಯ ಬಾರ್ ಚಾರ್ಟ್ ಹಾಕಿದರೆ ಇದು ಕಾಣುವುದೇ ಇಲ್ಲ.

ಇನ್ನು ಮಿತಿಯ ವಿಚಾರ. ಎಲ್ಲೋ ಒಂದು 'ಸರಿಯಾದ' ಅಂತರ ಇದೆ, ಅದು ನನಗೊಬ್ಬನಿಗೆ ಗೊತ್ತಿಲ್ಲ ಎಂದು ಪ್ರತಿ ವಿದ್ಯಾರ್ಥಿಯೂ ಅಂದುಕೊಂಡಿರುತ್ತಾನೆ. ಹಾಗೇನಿಲ್ಲ. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬುದಕ್ಕೆ ಪ್ರಕೃತಿಯೇ ಗೆರೆ ಎಳೆದಿದೆ. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಲ್ಲಿ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು ಎಂದು ತೋರಿಸುವ ತಮ್ಮ ಪ್ರಸಿದ್ಧ ನಕ್ಷೆ ಬರೆದದ್ದು ಆ ಗೆರೆಯನ್ನು ಹಿಡಿದೇ. ಬಂಧವಿಲ್ಲದ ಎರಡು ಕಾರ್ಬನ್‌ಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಂಗಿಂತ, ತೀರಾ ಎಳೆದರೆ 3.0ಗಿಂತ ಹತ್ತಿರ ಬರುವಂತಿಲ್ಲ ಎಂದು ಲೆಕ್ಕ ಹಿಡಿದರು. ಆದರೆ ಎಷ್ಟು ದೂರವಾದರೆ ಸಂಪರ್ಕ ತಪ್ಪಿತು ಎಂಬುದಕ್ಕೆ ಅಂಥ ಗೆರೆ ಇಲ್ಲ. ಸೆಳೆತ ನಿಧಾನವಾಗಿ ಕ್ಷೀಣಿಸುತ್ತದೆ, 4.49ರಲ್ಲಿ ಇದ್ದದ್ದು 4.51ರಲ್ಲಿ ಸಾಯುವುದಿಲ್ಲ. ಕೆಳಗಿನ ಮಿತಿ ಭೌತಶಾಸ್ತ್ರ ಕೊಟ್ಟದ್ದು, ಮೇಲಿನದು ನಾವು ಮಾಡಿಕೊಂಡ ಒಪ್ಪಂದ. ಅದಕ್ಕೇ ನಿಮ್ಮ ಮೂರು ಮಿತಿಗಳು ಮೂರು ಉತ್ತರ ಕೊಟ್ಟಿವೆ, ಮೂರೂ ಬೇರೆ ಬೇರೆ ಪ್ರಶ್ನೆ ಕೇಳಿವೆ.

ಸಿ-ಆಲ್ಫಾ ಅಂತರ ಅಳೆಯುವುದೆಂದರೆ ಇಬ್ಬರು ಕೈಕುಲುಕಿದರೋ ಇಲ್ಲವೋ ಎಂದು ತಿಳಿಯಲು ಹೊಕ್ಕುಳಿಂದ ಹೊಕ್ಕುಳಿಗೆ ಟೇಪು ಹಿಡಿದ ಹಾಗೆ. ಲೈಸೀನ್‌ನ ತೋಳು, ಅಂದರೆ ಸೈಡ್ ಚೈನ್, ಚಾಚಿದರೆ 6 ಆಂಗ್‌ಸ್ಟ್ರಾಂ ದಾಟುತ್ತದೆ, ಆರ್ಜಿನೀನ್‌ದು ಇನ್ನೂ ಉದ್ದ. ಗಟ್ಟಿಯಾದ ಉಪ್ಪು ಸೇತುವೆ ಇದ್ದರೂ ಸಿ-ಆಲ್ಫಾಗಳು 10 ಆಂಗ್‌ಸ್ಟ್ರಾಂ ದೂರ ಇರಬಹುದು, ನಿಮ್ಮ 7ರ ಮಿತಿ ಅದನ್ನು ಕಾಣುವುದೇ ಇಲ್ಲ. ಇನ್ನೊಂದು ಕಡೆ ಹಿಮೋಗ್ಲೋಬಿನ್ ತುಂಬಾ ಸುರುಳಿಗಳು, ಅಂದರೆ ಆಲ್ಫಾ ಹೆಲಿಕ್ಸ್‌ಗಳೇ. ಹೆಲಿಕ್ಸ್‌ನಲ್ಲಿ ಒಂದು ರೆಸಿಡ್ಯೂವಿಂದ ಮುಂದಿನ ನಾಲ್ಕಕ್ಕೆ ಅಂತರ ಕ್ರಮವಾಗಿ ಸುಮಾರು 3.8, 5.4, 5.0, 6.2 ಆಂಗ್‌ಸ್ಟ್ರಾಂ. ಐದನೆಯದು 8.6. ಅಂದರೆ 7ರ ಮಿತಿಯಲ್ಲಿ ಹೆಲಿಕ್ಸ್‌ನ ಒಳಗಿರುವ ಪ್ರತಿ ರೆಸಿಡ್ಯೂಗೂ ಹಿಂದೆ ನಾಲ್ಕು, ಮುಂದೆ ನಾಲ್ಕು ಸಂಪರ್ಕ ಬಿಟ್ಟಿಯಾಗಿ ಸಿಗುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರ ಮೊಣಕೈ ತಾಗಿತು ಎನ್ನುವುದು ಸುದ್ದಿಯಲ್ಲ. ಎದುರಿನ ಪಂಕ್ತಿಯವರ ಜೊತೆ ಯಾರು ಮಾತಾಡಿದರು ಎನ್ನುವುದು ಸುದ್ದಿ. ಅನುಕ್ರಮದಲ್ಲಿ ಹತ್ತಿರ ಇರುವ ಜೋಡಿಗಳನ್ನು ಬಿಟ್ಟು ಎಣಿಸಿ.

ನಿಮ್ಮ ಸೀನಿಯರ್ ಹೇಳಿದ ಸಿ-ಬೀಟಾ 8 ಸುಮ್ಮನೆ ಹುಟ್ಟಿದ್ದಲ್ಲ. ರಚನೆಯನ್ನು ಮುನ್ನುಡಿಯುವ ಕ್ಯಾಸ್ಪ್ ಸ್ಪರ್ಧೆಯಲ್ಲಿ ಅದೇ ವ್ಯಾಖ್ಯೆ. ಗ್ಲೈಸೀನ್‌ಗೆ ಸಿ-ಬೀಟಾ ಇಲ್ಲವಾದ್ದರಿಂದ ಅದಕ್ಕೆ ಸಿ-ಆಲ್ಫಾ, ಮತ್ತು ಅನುಕ್ರಮದಲ್ಲಿ 24 ಅಥವಾ ಹೆಚ್ಚು ದೂರದ ಜೋಡಿಗಳಿಗೆ 'ದೂರದ ಸಂಪರ್ಕ' ಎಂದು ಪ್ರತ್ಯೇಕ ಅಂಕ. ಪ್ರೋಟೀನ್ ಒಟ್ಟಾರೆ ಹೇಗೆ ಮಡಚಿಕೊಂಡಿದೆ ಎಂದು ತಿಳಿಯಲು ಅದು ಚೆನ್ನಾಗಿದೆ. ಆದರೆ ನಿಮ್ಮ ಎರಡೂ ರೂಪಗಳ ಮಡಿಕೆ ಒಂದೇ! ಬದಲಾಗುವುದು ಗಡಿಯಲ್ಲಿನ ಕೈ ಹಿಡಿತ. ನಿಮ್ಮ ಕೆಲಸಕ್ಕೆ ಗೈಡ್ ಹೇಳಿದ್ದೇ ಹತ್ತಿರ: ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ನಡುವೆ 4.5.

ಅದರ ಅಪಾಯವೂ ತಿಳಿದಿರಲಿ. 2ಎಚ್‌ಎಚ್‌ಬಿಯ ರೆಸಲ್ಯೂಷನ್ (ರಚನೆ ಎಷ್ಟು ಸ್ಪಷ್ಟ ಎಂಬ ಅಳತೆ, ಚಿಕ್ಕದಾದಷ್ಟೂ ಸ್ಪಷ್ಟ) 1.74, 1ಎಚ್‌ಎಚ್‌ಒದ್ದು 2.1 ಆಂಗ್‌ಸ್ಟ್ರಾಂ. ಇಂಥ ರಚನೆಗಳಲ್ಲಿ ಪರಮಾಣುವಿನ ಜಾಗ ಒಂದಿಷ್ಟು ಆಚೀಚೆ ಇರುವುದು ಸಹಜ, ಅಂಚಿನಲ್ಲಿರುವ ಜೋಡಿಗಳು ಆ ತೂಗಾಟಕ್ಕೇ ಒಳಗೆ ಹೊರಗೆ ಆಡುತ್ತವೆ. ನಾನು ಮಾಡುವುದು ಹೀಗೆ: ಒಂದು ರೂಪದಲ್ಲಿ 4ಕ್ಕಿಂತ ಹತ್ತಿರವಿದ್ದು ಇನ್ನೊಂದರಲ್ಲಿ 5ನ್ನು ದಾಟಿದರೆ ಮಾತ್ರ ಸಂಪರ್ಕ ತಪ್ಪಿತು ಎನ್ನುತ್ತೇನೆ. ಕೆಲವು ನಿಜವಾದ ಬದಲಾವಣೆಗಳೂ ಕೈತಪ್ಪಬಹುದು, ಆದರೆ ಪಟ್ಟಿಯಲ್ಲಿ ಉಳಿದದ್ದರ ಬಗ್ಗೆ ವೈವಾದಲ್ಲಿ ಧೈರ್ಯವಾಗಿ ಮಾತಾಡಬಹುದು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕೆನಿಸಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರಸ್ವತಿ ವಿಶ್ವೇಶ್ವರ ಅವರ ಗುಂಪು ಬೆಳೆಸಿದ ವಿಧಾನ ನೋಡಿ. ರಾಮಚಂದ್ರನ್ ಅಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದ ಕೆಲಸವೇ ಅದು. ತಾಗಿತೋ ಇಲ್ಲವೋ ಎಂದು ಕೇಳುವ ಬದಲು ಎಷ್ಟು ತಾಗಿತು ಎಂದು ಕೇಳುತ್ತಾರೆ. ಎರಡು ಸೈಡ್ ಚೈನ್‌ಗಳ ನಡುವೆ 4.5 ಆಂಗ್‌ಸ್ಟ್ರಾಂ ಒಳಗೆ ಎಷ್ಟು ಪರಮಾಣು ಜೋಡಿಗಳಿವೆ ಎಂದು ಎಣಿಸಿ, ಆ ರೆಸಿಡ್ಯೂಗಳ ಗಾತ್ರಕ್ಕೆ ತಕ್ಕ ಹಾಗೆ ಭಾಗಿಸಿ ಶೇಕಡಾ ಲೆಕ್ಕದಲ್ಲಿ ಬಲ ಹೇಳುತ್ತಾರೆ. ಭಾಗಿಸದಿದ್ದರೆ ದೊಡ್ಡ ಟ್ರಿಪ್ಟೋಫ್ಯಾನ್ ಎಲ್ಲೆಲ್ಲೂ ಗೆಲ್ಲುತ್ತದೆ, ಚಿಕ್ಕ ಅಲನೀನ್ ಸೋಲುತ್ತದೆ. ಬಲದ ಮಿತಿಯನ್ನು ಏರಿಸುತ್ತ ಹೋದರೆ ಇಡೀ ಪ್ರೋಟೀನನ್ನು ಹೆಣೆದಿದ್ದ ದೊಡ್ಡ ಜಾಲ ಶೇಕಡಾ 3ರಿಂದ 4ರ ಆಸುಪಾಸಿನಲ್ಲಿ ಒಮ್ಮೆಲೇ ಚೂರಾಗುತ್ತದೆ. ನೋಡಲು ಬಹಳ ಚೆಂದ. ಆದರೆ ಹೊಸ ವಿಧಾನ ಕಲಿಯಲು ನಿಮಗಿರುವುದು ಒಂದು ತಿಂಗಳು, ಯೋಚಿಸಿ ನಿರ್ಧರಿಸಿ.

ಸಂಪರ್ಕಕ್ಕೆ ಜಾತಿ ಹೇಳುವಾಗ ಅಂತರವೊಂದೇ ಸಾಲದು. ಹೈಡ್ರೋಜನ್ ಬಂಧಕ್ಕೆ ಕೊಡುವವ-ಪಡೆಯುವವರ ನಡುವೆ 3.5ರ ಒಳಗೆ ಇರಬೇಕು, ಕೋನವೂ ಕೂಡಬೇಕು. ಉಪ್ಪು ಸೇತುವೆಗೆ ವಿರುದ್ಧ ಆವೇಶದ ಪರಮಾಣುಗಳ ನಡುವೆ 4 ಎಂಬುದು ರೂಢಿ. ಪ್ಲಿಪ್, ರಿಂಗ್, ಕೈಮೆರಾಎಕ್ಸ್ ಎಂಬ ಪ್ರೋಗ್ರಾಂಗಳೆಲ್ಲ ಇದನ್ನು ಮಾಡಿಕೊಡುತ್ತವೆ. ಒಂದು ಎಚ್ಚರಿಕೆ: ಆಸ್ಪರಾಜೀನ್, ಗ್ಲುಟಮೀನ್‌ಗಳ ತುದಿಯಲ್ಲಿ ನೈಟ್ರೋಜನ್ ಯಾವುದು, ಆಮ್ಲಜನಕ ಯಾವುದು ಎಂದು ಎಕ್ಸ್-ರೇ ನಕ್ಷೆಯಲ್ಲಿ ಹೇಳುವುದು ಕಷ್ಟ, ತಲೆಕೆಳಗಾಗಿ ಬರೆದಿರುವುದು ಉಂಟು. ಬೀಟಾ 102 ನಿಮ್ಮ ಪಟ್ಟಿಯಲ್ಲಿ ಬರುವುದರಿಂದ ಇಂಥ ತಪ್ಪು ಹುಡುಕುವ ಪ್ರೋಗ್ರಾಂ ಮಾಲ್‌ಪ್ರೋಬಿಟಿಯಲ್ಲಿ ಒಮ್ಮೆ ಹಾಕಿ ನೋಡಿಕೊಳ್ಳಿ.

ಸಂಪರ್ಕ ಹೆಚ್ಚಿದ್ದರೆ ಪ್ರೋಟೀನ್ ಹೆಚ್ಚು ಗಟ್ಟಿ ಎಂಬ ಮಾತನ್ನು ಪ್ರಾಜೆಕ್ಟ್ ವರದಿಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನೀವಂತೂ ಬರೆಯಬೇಡಿ. ಬಿಚ್ಚಿಕೊಂಡ ಪ್ರೋಟೀನ್ ಏನೂ ಒಂಟಿಯಾಗಿರುವುದಿಲ್ಲ, ನೀರಿನ ಜೊತೆ ಸಂಪರ್ಕ ಮಾಡಿಕೊಂಡಿರುತ್ತದೆ. ಮಡಚಿದ್ದಕ್ಕೂ ಬಿಚ್ಚಿದ್ದಕ್ಕೂ ನಡುವಿನ ಒಟ್ಟು ಶಕ್ತಿಯ ವ್ಯತ್ಯಾಸ ಸಾಮಾನ್ಯವಾಗಿ ಮೋಲ್‌ಗೆ 5ರಿಂದ 15 ಕಿಲೋಕ್ಯಾಲೊರಿ, ಕೆಲವೇ ಹೈಡ್ರೋಜನ್ ಬಂಧಗಳ ಬೆಲೆ. ಸಾವಿರಾರು ಸಂಪರ್ಕಗಳನ್ನು ಕೂಡಿಸಿ ಅಷ್ಟು ಸಣ್ಣ ಅಂತರವನ್ನು ಹಿಡಿಯಲಾಗುವುದಿಲ್ಲ.

ಈಗ ಸಿಕಲ್ ಸೆಲ್. ನಮ್ಮ ಚಾಮರಾಜನಗರ, ಮೈಸೂರು ಭಾಗದ ಆದಿವಾಸಿ ಸಮುದಾಯಗಳಲ್ಲೂ ಇರುವ ರೋಗ ಇದು, ನೀವು ಆರಿಸಿಕೊಂಡದ್ದು ಒಳ್ಳೆಯದೇ. ಮೊದಲು ಒಂದು ಪರೀಕ್ಷೆ ಮಾಡಿ: ಆಲ್ಫಾಫೋಲ್ಡ್‌ಗೆ ಕೊಟ್ಟ ಅನುಕ್ರಮದ ಆರಂಭ ನೋಡಿ. ಪ್ರೋಟೀನ್ ಅನುಕ್ರಮಗಳ ಭಂಡಾರವಾದ ಯೂನಿಪ್ರಾಟ್‌ನಿಂದ ತೆಗೆದುಕೊಂಡಿದ್ದರೆ ಅದು ಮೆಥಿಯೊನೀನ್, ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೊನೀನ್, ಪ್ರೋಲೀನ್, ಗ್ಲುಟಾಮಿಕ್ ಆಮ್ಲ ಎಂದು ಶುರುವಾಗುತ್ತದೆ. ಅಲ್ಲಿ 6ನೆಯದು ಪ್ರೋಲೀನ್! ಮೊದಲ ಮೆಥಿಯೊನೀನ್ ದೇಹದಲ್ಲಿ ಕತ್ತರಿಸಿ ಹೋಗುತ್ತದೆ, ಹಳೆಯ ಎಣಿಕೆ ವ್ಯಾಲೀನ್‌ನಿಂದ ಶುರು, ಪಿಡಿಬಿ ಫೈಲ್‌ಗಳೂ ಹಾಗೇ. ಆದ್ದರಿಂದ ಪುಸ್ತಕದ 6 ಯೂನಿಪ್ರಾಟ್‌ನಲ್ಲಿ 7. ನೀವು ಬೇರೆ ಯಾರನ್ನೋ ಬದಲಿಸಿರುವ ಸಾಧ್ಯತೆ ಸಾಕಷ್ಟಿದೆ.

ಸರಿಯಾದ ಜಾಗದಲ್ಲಿ ಬದಲಿಸಿದ್ದರೂ ನಕ್ಷೆ ಬದಲಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಆ ಸ್ಥಾನ ಅಣುವಿನ ಮೈಮೇಲೆ, ಹೊರಗೆ ಚಾಚಿಕೊಂಡಿದೆ. ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದರೆ ಆ ಅಣುವಿನ ಒಳಗೆ ಹೆಚ್ಚೇನೂ ಆಗುವುದಿಲ್ಲ, ಆಗುವುದೆಲ್ಲ ಪಕ್ಕದ ಅಣುವಿನ ಜೊತೆ. ಆಮ್ಲಜನಕ ಬಿಟ್ಟ ಸ್ಥಿತಿಯಲ್ಲಿ ಆ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಒಂದು ಗುಳಿಗೆ, 85ನೇ ಫಿನೈಲ್‌ಅಲನೀನ್ ಮತ್ತು 88ನೇ ಲ್ಯೂಸೀನ್ ಇರುವಲ್ಲಿಗೆ, ಹೋಗಿ ಕೂರುತ್ತದೆ. ಹೀಗೆ ಒಂದಕ್ಕೊಂದು ಪೋಣಿಸಿಕೊಂಡು ಉದ್ದನೆಯ ನಾರಾಗಿ ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಆವೇಶವಿದ್ದ ಗ್ಲುಟಾಮಿಕ್ ಆಮ್ಲ ಎಣ್ಣೆಯಂಥ ಆ ಗುಳಿಗೆ ಇಳಿಯುತ್ತಿರಲಿಲ್ಲ. ಒಂದೇ ಅಣುವನ್ನು ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ. 2ಎಚ್‌ಬಿಎಸ್ ಫೈಲ್ ತೆಗೆದುಕೊಳ್ಳಿ, ಅದರಲ್ಲಿ ಎರಡು ಪೂರ್ತಿ ಅಣುಗಳು ಅಕ್ಕಪಕ್ಕ ಇವೆ. ಅಣು-ಅಣುಗಳ ನಡುವಿನ ಸಂಪರ್ಕ ಮಾತ್ರ ಎಣಿಸಿ. ಪ್ರತಿ ಅಣುವಿನಲ್ಲಿ ವ್ಯಾಲೀನ್ 6 ಎರಡಿದ್ದರೂ ಇಂಥ ಹಿಡಿತಕ್ಕೆ ಬರುವುದು ಒಂದೇ. ಎರಡನೆಯದು ಸಿಗಲಿಲ್ಲ ಎಂದು ಮತ್ತೆ ಗಾಬರಿಯಾಗಬೇಡಿ.

ಆಲ್ಫಾಫೋಲ್ಡ್ ಬಗ್ಗೆ ಇಷ್ಟು: ಸಂಬಂಧಿ ಪ್ರೋಟೀನ್‌ಗಳ ಅನುಕ್ರಮಗಳಿಂದ ಅದು ಮಡಿಕೆಯನ್ನು ಊಹಿಸುತ್ತದೆ, ಒಂದು ಅಕ್ಷರ ಬದಲಾದರೆ ಸಾಮಾನ್ಯವಾಗಿ ಅದೇ ಮಡಿಕೆಯನ್ನೇ ಕೊಡುತ್ತದೆ. ನಕ್ಷೆ ಬದಲಾಗಲಿಲ್ಲ, ಆದ್ದರಿಂದ ಈ ಬದಲಾವಣೆ ನಿರುಪದ್ರವಿ ಎಂದು ಯಾರಾದರೂ ಬರೆದರೆ ಸಿಕಲ್ ಸೆಲ್ಲೇ ಅದಕ್ಕೆ ಉತ್ತರ. ಇನ್ನೊಂದು, ಅದರ ಫೈಲಿನಲ್ಲಿ ಬಿ-ಫ್ಯಾಕ್ಟರ್ ಕಾಲಂನಲ್ಲಿರುವುದು ನಂಬಿಕೆಯ ಅಂಕ. ನಿಜವಾದ ರಚನೆಯಲ್ಲಿ ಬಿ ಹೆಚ್ಚಿದ್ದರೆ ಪರಮಾಣು ಅಲುಗಾಡುತ್ತಿದೆ ಎಂದರ್ಥ, ಇಲ್ಲಿ 90 ದಾಟಿದರೆ ಬಹಳ ಖಚಿತ ಎಂದರ್ಥ. ಬಿ ಹೆಚ್ಚಿರುವವನ್ನು ತೆಗೆದುಹಾಕುವ ಸ್ಕ್ರಿಪ್ಟ್ ಇದ್ದರೆ ಅದು ಒಳ್ಳೆಯದನ್ನೇ ಹುಡುಕಿ ಹುಡುಕಿ ಎಸೆಯುತ್ತದೆ.

ನಿಮಗೆ ಸಮಾಧಾನವಾಗಲಿ ಎಂದು ನನ್ನದೂ ಒಂದು ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಸಿಮ್ಯುಲೇಷನ್ ಫಲಿತಾಂಶಗಳ ಮೇಲೆ ಸಂಪರ್ಕ ಎಣಿಸಲು ಹೋಗಿ 4.5 ಎಂದು ಟೈಪ್ ಮಾಡಿದೆ. ಆ ಪ್ರೋಗ್ರಾಂ ನ್ಯಾನೋಮೀಟರ್‌ನಲ್ಲಿ ಓದುತ್ತದೆ, ಅಂದರೆ 45 ಆಂಗ್‌ಸ್ಟ್ರಾಂ. ಇಡೀ ಪ್ರೋಟೀನಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು! ಎಂಥ ದಟ್ಟ ಜಾಲ ಎಂದು ಮೂರು ದಿನ ಬೀಗಿದ್ದೆ.

ಇನ್ನೂ ಸಮಯ ಉಳಿದರೆ ಒಂದೊಂದೇ ಫೈಲ್ ನೆಚ್ಚಿಕೊಳ್ಳುವ ಬದಲು ಎರಡೂ ಕಡೆ ನಾಲ್ಕೈದು ರಚನೆಗಳನ್ನು ತೆಗೆದುಕೊಳ್ಳಿ, ಮಾನವ ಹಿಮೋಗ್ಲೋಬಿನ್‌ನವು ಪಿಡಿಬಿಯಲ್ಲಿ ನೂರಾರಿವೆ. ಆಮ್ಲಜನಕ ಇಲ್ಲದ ರಚನೆಗಳು ತಮ್ಮತಮ್ಮಲ್ಲೇ ಎಷ್ಟು ಭಿನ್ನ ಎಂದು ಮೊದಲು ತಿಳಿದರೆ, ಎರಡು ಗುಂಪುಗಳ ನಡುವಿನ ಭಿನ್ನತೆಗೆ ತೂಕ ಬರುತ್ತದೆ. ಒಂದೇ ಪರಮಾಣುವಿಗೆ ಎರಡು ಜಾಗ ಬರೆದಿರುವ ಸಾಲುಗಳು ಸಿಕ್ಕರೆ ಒಂದನ್ನೇ ಎಣಿಸಿ. ನೀರು, ಹೀಮ್ (ಆಮ್ಲಜನಕ ಹಿಡಿಯುವ ಕಬ್ಬಿಣದ ಭಾಗ) ಸಾಲುಗಳು ರೆಸಿಡ್ಯೂಗಳ ಲೆಕ್ಕದಲ್ಲಿ ಸೇರದಂತೆ ನೋಡಿಕೊಳ್ಳಿ.

ಪೂರ್ತಿ ಅಣುವಿನ ಫೈಲ್ ಹಾಕಿ ಸ್ಕ್ರಿಪ್ಟ್ ಮತ್ತೆ ಓಡಿಸಿದಾಗ ಮೊದಲು ಜೋಡಿಯೊಳಗಿನ ಎ-ಬಿ ಗಡಿ ನೋಡಿ, ಎರಡೂ ರೂಪಗಳಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಆಮೇಲೆ 2ಎಚ್‌ಎಚ್‌ಬಿಯ ಎ-ಡಿ (ಆಲ್ಫಾ1-ಬೀಟಾ2) ಗಡಿಯಲ್ಲಿ ಹಿಸ್ಟಿಡೀನ್ 97ರ ನೆರೆಹೊರೆ: ಪ್ರೋಲೀನ್ 44 ಪಟ್ಟಿಯಲ್ಲಿರಬೇಕು, ಆಮ್ಲಜನಕದ ರೂಪದಲ್ಲಿ ಅದರ ಜಾಗಕ್ಕೆ ಥ್ರಿಯೊನೀನ್ 38 ಬಂದಿರಬೇಕು. ಅದು ಬಂದರೆ ಗೈಡ್ ಬಳಿ ಹೋಗಿ. ಬರದಿದ್ದರೆ ಮಿತಿಯನ್ನು ಮುಟ್ಟಬೇಡಿ, ಸರಪಳಿಗಳ ಹೆಸರು ಎಲ್ಲೋ ಅದಲುಬದಲಾಗಿದೆ.